ಗ್ರೂಪಿನೊಳಗಿನ ಬಾಟ್‌ಗಳು ಎಷ್ಟು ಓದುತ್ತವೆ, ಓದಿದ್ದು ಎಲ್ಲಿಗೆ ಹೋಗುತ್ತದೆ?

ಮೂಲೆಮನೆ_ಅಡ್ಮಿನ್ ಕೇಳಿದ ಪ್ರಶ್ನೆ

ಟೆಲಿಗ್ರಾಮ್‌ನಲ್ಲಿ ಸುಮಾರು 600 ಜನರ ಖಾಸಗಿ ಗ್ರೂಪ್, ಅದಕ್ಕೆ ಜೋಡಿಯಾಗಿ ಡಿಸ್ಕಾರ್ಡ್‌ನಲ್ಲಿ ಒಂದು ಸರ್ವರ್. ವಿಷಯ ಖಿನ್ನತೆ ಮತ್ತು ಅದರ ಔಷಧಿಗಳು. ಜನ ಡೋಸ್, ಅಡ್ಡಪರಿಣಾಮ, ಮನೆಯೊಳಗಿನ ಮಾತು ಎಲ್ಲವನ್ನೂ ಬಿಚ್ಚಿ ಬರೆಯುತ್ತಾರೆ.

ಒಳಗಿರುವ ಹೊರಗಿನವರ ಸೇವೆಗಳು ಮೂರು. ಸ್ಪ್ಯಾಮ್ ಅಳಿಸುವ ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಮ್), ಇದು ಅಡ್ಮಿನ್. ಪೋಲ್ ಹಾಕುವ ಬಾಟ್, ಇದೂ ಅಡ್ಮಿನ್, ಯಾಕೆ ಮಾಡಿದ್ದು ಅಂತ ಯಾರಿಗೂ ನೆನಪಿಲ್ಲ. ಮೂರನೆಯದು ಎರಡೂ ಕಡೆಯ ಮೆಸೇಜ್‌ಗಳನ್ನು ಆಚೀಚೆ ದಾಟಿಸುವ ಬ್ರಿಡ್ಜ್. ಈಗ ದಿನದ ಚರ್ಚೆಯ ಸಾರಾಂಶ ಮಾಡಿಕೊಡುವ ಎಐ ಬಾಟ್ ಸೇರಿಸಿ ಎಂಬ ಬೇಡಿಕೆ ಬಂದಿದೆ. ಅದನ್ನು ನಡೆಸುವವರು "ಹೆಸರು ತೆಗೆದೇ ಇಟ್ಟುಕೊಳ್ಳುತ್ತೇವೆ" ಅನ್ನುತ್ತಾರೆ.

ಕೇಳಬೇಕಾದದ್ದು ಇಷ್ಟು. ಯಾವ ಬಾಟ್ ಎಷ್ಟು ಓದುತ್ತಿದೆ ಅಂತ ನೋಡುವುದೆಲ್ಲಿ? ಸೇರುವ ಮೊದಲಿನ ಹಳೆಯ ಮೆಸೇಜ್‌ಗಳೂ ಅದಕ್ಕೆ ಸಿಗುತ್ತವೆಯೇ? ಬಾಟನ್ನು ತೆಗೆದುಹಾಕಿದರೆ ಅವರ ಬಳಿ ಇರುವ ಪ್ರತಿಯ ಗತಿ ಏನು? ಹೆಸರು ತೆಗೆದರೆ ಸಾಕೇ?

ಟೋಕನ್‌ತಂತಿ

ಟೆಲಿಗ್ರಾಮ್ ಭಾಗಕ್ಕೆ ಉತ್ತರಿಸುತ್ತೇನೆ. ಡಿಸ್ಕಾರ್ಡ್ ಬಗ್ಗೆ ಬೇರೆಯವರು ಬರೆಯಲಿ, ಅಲ್ಲಿನ ಲೆಕ್ಕವೇ ಬೇರೆ.

ಗ್ರೂಪಿನ ಹೆಸರಿನ ಮೇಲೆ ಒತ್ತಿ ಸದಸ್ಯರ ಪಟ್ಟಿ ತೆರೆಯಿರಿ. ಪ್ರತಿ ಬಾಟ್‌ನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಅದಕ್ಕೆ ಮೆಸೇಜ್‌ಗಳು ಕಾಣುತ್ತವೆಯೋ ಇಲ್ಲವೋ ಅಂತ ಬರೆದಿರುತ್ತದೆ. ಬಹಳ ಜನ ಗಮನಿಸದ ಸಾಲು ಅದು. ಟೆಲಿಗ್ರಾಮ್ ಬಾಟ್‌ಗಳಿಗೆ ಪ್ರೈವಸಿ ಮೋಡ್ ಹುಟ್ಟಿನಿಂದಲೇ ಆನ್ ಇರುತ್ತದೆ. ಆಗ ಬಾಟ್‌ಗೆ ತಲುಪುವುದು ಅದಕ್ಕೆಂದೇ ಕೊಟ್ಟ ಓರೆಗೆರೆಯ ಕಮಾಂಡ್‌ಗಳು, ಅದರ ಮೆಸೇಜ್‌ಗೆ ಯಾರಾದರೂ ಮಾಡಿದ ರಿಪ್ಲೈಗಳು, ಯಾರು ಬಂದರು ಯಾರು ಹೋದರು ಅನ್ನುವಂಥ ಸೂಚನೆಗಳು, ಹೆಚ್ಚುಕಡಿಮೆ ಇಷ್ಟೇ. ಉಳಿದ ಹರಟೆ ಅದರ ಕಿವಿಗೆ ಬೀಳುವುದಿಲ್ಲ.

ಈ ರಕ್ಷಣೆ ಬಿದ್ದುಹೋಗುವುದು ಎರಡು ರೀತಿಯಲ್ಲಿ. ಬಾಟ್‌ನ ಒಡೆಯ ಬಾಟ್‌ಫಾದರ್‌ನಲ್ಲಿ (ಬಾಟ್‌ಗಳನ್ನು ಹುಟ್ಟಿಸಿ ನಿರ್ವಹಿಸಲು ಟೆಲಿಗ್ರಾಮ್‌ ಕೊಟ್ಟಿರುವ ಬಾಟ್) ಪ್ರೈವಸಿ ಮೋಡ್ ಆಫ್ ಮಾಡಿರಬಹುದು. ಅಥವಾ ನೀವೇ ಬಾಟನ್ನು ಅಡ್ಮಿನ್ ಮಾಡಿರುತ್ತೀರಿ. ಅಡ್ಮಿನ್ ಆದ ಬಾಟ್‌ಗೆ ಎಲ್ಲ ಮೆಸೇಜ್‌ಗಳೂ ಹೋಗುತ್ತವೆ. ಇಲ್ಲೇ ಎಲ್ಲರೂ ಎಡವುವುದು: "ನಾವು ಕೊಟ್ಟಿರುವುದು ಮೆಸೇಜ್ ಅಳಿಸುವ ಅಧಿಕಾರ ಒಂದೇ, ಬೇರೇನೂ ಇಲ್ಲ" ಅಂದುಕೊಳ್ಳುತ್ತಾರೆ. ಒಂದೇ ಅಧಿಕಾರ ಕೊಟ್ಟರೂ ಅಡ್ಮಿನ್ ಅಡ್ಮಿನ್ನೇ, ಓದುವುದು ಪೂರ್ತಿ ಸಿಗುತ್ತದೆ. ಅಧಿಕಾರಗಳ ಪಟ್ಟಿಯಲ್ಲಿ "ಓದಬೇಡ" ಅನ್ನುವ ಗುಂಡಿಯೇ ಇಲ್ಲ.

ಒಂದು ಮೆಸೇಜನ್ನು ಹತ್ತಿರದಿಂದ ನೋಡಿ. ರಾತ್ರಿ 11:14ಕ್ಕೆ ಒಬ್ಬ ಸದಸ್ಯೆ "ಡೋಸ್ 20ರಿಂದ 40ಕ್ಕೆ ಏರಿಸಿದ್ದಾರೆ, ಮೂರು ದಿನದಿಂದ ನಿದ್ದೆಯಿಲ್ಲ" ಎಂದು ಬರೆದರು ಅಂತಿಟ್ಟುಕೊಳ್ಳಿ. ಬಾಟ್ ನಡೆಸುವವರ ಸರ್ವರಿಗೆ ಆ ಸಾಲಿನ ಜೊತೆ ಮಾಹಿತಿಯ ಒಂದು ಮೂಟೆಯೇ ಹೋಗುತ್ತದೆ. ಅದರಲ್ಲಿ ಆಕೆಯ ಸಂಖ್ಯಾ ಐಡಿ, ಆಕೆ ಇಟ್ಟುಕೊಂಡ ಹೆಸರು, ಇದ್ದರೆ ಯೂಸರ್‌ನೇಮ್, ಕೆಲವೊಮ್ಮೆ ಆ್ಯಪ್‌ನ ಭಾಷೆ, ಗ್ರೂಪಿನ ಐಡಿ ಮತ್ತು ಶೀರ್ಷಿಕೆ, ಸೆಕೆಂಡ್ ಲೆಕ್ಕದಲ್ಲಿ ಸಮಯ ಇರುತ್ತವೆ. ರಿಪ್ಲೈ ಆಗಿದ್ದರೆ ಮೂಲ ಮೆಸೇಜ್ ಕೂಡ. ಫೋಟೋ ಹಾಕಿದ್ದರೆ ಅದನ್ನು ಇಳಿಸಿಕೊಳ್ಳಲು ಬೇಕಾದ ಗುರುತು. 20 ಎಂಬಿ ವರೆಗಿನ ಫೈಲನ್ನು ಬಾಟ್ ಇಳಿಸಿಕೊಳ್ಳಬಹುದು. ಫೋನ್ ನಂಬರ್ ಮಾತ್ರ ಹೋಗುವುದಿಲ್ಲ. ಆದರೆ ಆ ಸಂಖ್ಯಾ ಐಡಿ ಜನ್ಮಕ್ಕಂಟಿದ್ದು. ಹೆಸರು, ಫೋಟೋ, ಯೂಸರ್‌ನೇಮ್ ಎಲ್ಲ ಬದಲಿಸಿದರೂ ಅದು ಬದಲಾಗದು, ಬೇರೆ ಬಾಟ್‌ಗಳಿಗೂ ಅದೇ ಐಡಿ ಕಾಣುತ್ತದೆ. ಗ್ರೂಪಿನ ಶೀರ್ಷಿಕೆಯಲ್ಲಿ "ಖಿನ್ನತೆ" ಎಂಬ ಪದವಿದ್ದರೆ ಮುಗಿಯಿತು, ಆಕೆ ತನ್ನ ಕಾಯಿಲೆಯ ಬಗ್ಗೆ ಒಂದಕ್ಷರ ಬರೆಯದಿದ್ದರೂ ಆಕೆಯ ಐಡಿ ಆ ಪದದ ಪಕ್ಕ ಕೂತಿರುತ್ತದೆ.

ಹಳೆಯ ಮೆಸೇಜ್‌ಗಳ ಪ್ರಶ್ನೆಗೆ ಸ್ವಲ್ಪ ಸಮಾಧಾನದ ಉತ್ತರವಿದೆ. ಬಾಟ್ ಎಪಿಐನಲ್ಲಿ (ಬಾಟ್ ಟೆಲಿಗ್ರಾಮ್ ಜೊತೆ ಮಾತಾಡುವ ದಾರಿ) ಹಿಂದಿನ ಚರ್ಚೆಯನ್ನು ಎಳೆದು ತರುವ ದಾರಿ ಇಲ್ಲ. ಸೇರಿದ ಕ್ಷಣದಿಂದ ಮುಂದಿನದ್ದು ಮಾತ್ರ. ಬಾಟ್ ಬಂದು ತೆಗೆದುಕೊಳ್ಳದಿದ್ದರೆ ಅದಕ್ಕಾಗಿ ಕಾದಿಟ್ಟ ಮೆಸೇಜ್‌ಗಳು 24 ಗಂಟೆಗಿಂತ ಹೆಚ್ಚು ಉಳಿಯುವುದೂ ಇಲ್ಲ.

ಅಳಿಸುವ ವಿಷಯದಲ್ಲಿ ಕೆಟ್ಟ ಸುದ್ದಿ. ಸದಸ್ಯರು ಮೆಸೇಜ್ ತಿದ್ದಿದರೆ ಬಾಟ್‌ಗೆ ತಿದ್ದಿದ ಪ್ರತಿ ಹೋಗುತ್ತದೆ. ಅಳಿಸಿದರೆ ಏನೂ ಹೋಗುವುದಿಲ್ಲ. ಗ್ರೂಪಿನಲ್ಲಿ ಮೆಸೇಜ್ ಅಳಿಸಿದ್ದನ್ನು ಮಾಮೂಲಿ ಬಾಟ್‌ಗೆ ತಿಳಿಸುವ ವ್ಯವಸ್ಥೆಯೇ ಇಲ್ಲ. ಹಾಗಾಗಿ ಬಾಟ್ ನಡೆಸುವವರು ಎಷ್ಟೇ ಪ್ರಾಮಾಣಿಕರಾಗಿದ್ದರೂ, ಮಧ್ಯರಾತ್ರಿ ಬರೆದು ಬೆಳಿಗ್ಗೆ ಅಳಿಸಿದ ಮೆಸೇಜ್ ಅವರ ಡೇಟಾಬೇಸ್‌ನಲ್ಲಿ ಹಾಗೇ ಕೂತಿರುತ್ತದೆ, ಅಳಿಸಬೇಕೆಂದು ಅವರಿಗೆ ಗೊತ್ತಾಗುವುದೇ ಇಲ್ಲ. ಇಂತಿಷ್ಟು ದಿನಕ್ಕೆ ಎಲ್ಲವನ್ನೂ ಅಳಿಸುವ ನಿಯಮ ಅವರ ಕಡೆ ಇದ್ದರೆ ಮಾತ್ರ ಹೋಗುತ್ತದೆ.

ಪೋಲ್ ಬಾಟನ್ನು ಈವತ್ತೇ ತೆಗೆಯಿರಿ, ಪೋಲ್ ಟೆಲಿಗ್ರಾಮ್‌ನಲ್ಲೇ ಇದೆ. ಸ್ಪ್ಯಾಮ್ ಬಾಟ್ ಎಲ್ಲವನ್ನೂ ಓದದೆ ಕೆಲಸ ಮಾಡಲಾರದು, ಹಾಗಾಗಿ ಅದರ ಓದು ಕಡಿಮೆ ಮಾಡುವುದು ಹೇಗೆಂದು ಯೋಚಿಸಿ ಪ್ರಯೋಜನವಿಲ್ಲ. ನಡೆಸುವವರು ಯಾರು ಅನ್ನುವುದಷ್ಟೇ ಪ್ರಶ್ನೆ. 200ಕ್ಕಿಂತ ಹೆಚ್ಚು ಸದಸ್ಯರಿರುವ ಗ್ರೂಪಿಗೆ ಟೆಲಿಗ್ರಾಮ್‌ನದ್ದೇ ಕಟ್ಟುನಿಟ್ಟಿನ ಸ್ಪ್ಯಾಮ್ ತಡೆ ಸಿಗುತ್ತದೆ, ಅಡ್ಮಿನ್‌ಗಳ ಸೆಟ್ಟಿಂಗ್‌ನಲ್ಲಿದೆ. ಟೆಲಿಗ್ರಾಮ್ ಗ್ರೂಪುಗಳು ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ (ಮಾತಾಡುವವರನ್ನು ಬಿಟ್ಟು ಬೇರಾರೂ ಓದಲಾಗದ ಬೀಗ) ಆಗಿಲ್ಲದ ಕಾರಣ ಅವರ ಸರ್ವರಿನಲ್ಲಿ ನಿಮ್ಮ ಮೆಸೇಜ್‌ಗಳು ಹೇಗೂ ಇವೆ. ಇನ್ನೊಬ್ಬರನ್ನು ಕರೆತರುವುದಕ್ಕಿಂತ ಅದೇ ವಾಸಿ. ಜೊತೆಗೆ ಹೊಸಬರನ್ನು ಅಡ್ಮಿನ್ ಒಪ್ಪಿಗೆ ಕೇಳುವ ಲಿಂಕ್ ಮೂಲಕವೇ ಸೇರಿಸಿದರೆ ಸ್ಪ್ಯಾಮ್ ಅರ್ಧಕ್ಕರ್ಧ ಬಾಗಿಲಲ್ಲೇ ನಿಲ್ಲುತ್ತದೆ.

ಚಾನೆಲ್‌ಚಾವಿ

ಹಳೆಯ ಮೆಸೇಜ್ ಸಿಗದು ಅನ್ನುವ ಸಮಾಧಾನ ಡಿಸ್ಕಾರ್ಡ್‌ನಲ್ಲಿ ಇಲ್ಲ. ಒಂದು ಚಾನೆಲ್ ನೋಡುವ ಮತ್ತು ಅದರ ಹಿಸ್ಟರಿ ಓದುವ ಪರ್ಮಿಷನ್ ಬಾಟ್‌ಗೆ ಇದ್ದರೆ, ಒಂದು ಸಲಕ್ಕೆ 100 ಮೆಸೇಜ್‌ನಂತೆ ಮೊದಲ ದಿನದವರೆಗೂ ಹಿಂದೆ ಹೋಗಬಹುದು. ನಿನ್ನೆ ಸೇರಿಸಿದ ಬಾಟ್ ಐದು ವರ್ಷದ ಚರ್ಚೆಯನ್ನು ಮನೆಗೆ ಒಯ್ಯಬಹುದು.

2022ರ ಸೆಪ್ಟೆಂಬರ್‌ನಿಂದ ಮೆಸೇಜಿನ ಪಠ್ಯ ಓದಲು ಬಾಟ್‌ಗೆ ಪ್ರತ್ಯೇಕ ಅನುಮತಿ ಬೇಕು, ಮೆಸೇಜ್ ಕಂಟೆಂಟ್ ಇಂಟೆಂಟ್ ಅಂತ ಅದರ ಹೆಸರು. ಕೇಳಲು ಗಟ್ಟಿಯಾಗಿದೆ. ಆದರೆ ಡಿಸ್ಕಾರ್ಡ್ ಪರಿಶೀಲಿಸಿ ಅನುಮತಿ ಕೊಡುವುದು 100 ಅಥವಾ ಹೆಚ್ಚು ಸರ್ವರ್‌ಗಳಿಗೆ ಬೆಳೆದ ಬಾಟ್‌ಗಳಿಗೆ ಮಾತ್ರ. ಸಣ್ಣ ಬಾಟ್‌ನವರು ಡೆವಲಪರ್ ಪೋರ್ಟಲ್‌ನಲ್ಲಿ ಸ್ವಿಚ್ ಒತ್ತಿಕೊಂಡರೆ ಸಾಕು. ಅಂದರೆ ಯಾರಿಗೂ ಗೊತ್ತಿಲ್ಲದ, ಯಾರೂ ಪರೀಕ್ಷಿಸದ ಸಣ್ಣ ಬಾಟೇ ಸುಲಭವಾಗಿ ಓದುತ್ತದೆ.

ಸರ್ವರ್ ಸೆಟ್ಟಿಂಗ್ಸ್‌ನ ಇಂಟಿಗ್ರೇಷನ್ಸ್ ಪುಟದಲ್ಲಿ ಒಳಗಿರುವ ಎಲ್ಲ ಬಾಟ್, ಆ್ಯಪ್, ವೆಬ್‌ಹುಕ್ (ಹೊರಗಿನಿಂದ ಚಾನೆಲ್‌ಗೆ ಬರೆಯಲು ಮಾಡಿದ ಯುಆರ್‌ಎಲ್) ಕಾಣುತ್ತವೆ. ಅಲ್ಲಿಂದ ಕೆಲಸ ಶುರು ಮಾಡಿ, ಈ ಕ್ರಮದಲ್ಲೇ:

1. ಬಾಟ್‌ನ ರೋಲ್‌ನಿಂದ (ಯಾರು ಏನು ಮಾಡಬಹುದು ಅಂತ ಹೇಳುವ ಪಾತ್ರ) ಅಡ್ಮಿನಿಸ್ಟ್ರೇಟರ್ ಪರ್ಮಿಷನ್ ಕಿತ್ತುಹಾಕಿ. ಇದು ಇರುವವರೆಗೆ ಚಾನೆಲ್ ಮಟ್ಟದಲ್ಲಿ ನೀವು ಹಾಕುವ ಯಾವ ನಿರ್ಬಂಧಕ್ಕೂ ಬೆಲೆಯಿಲ್ಲ, ಎಲ್ಲವನ್ನೂ ಮೀರಿಸುತ್ತದೆ. ಹೊಸ ಬಾಟ್ ಸೇರಿಸುವಾಗ ಬರುವ ಪುಟದಲ್ಲೂ ಇದರ ಟಿಕ್ ತೆಗೆಯಬಹುದು. ತೆಗೆದರೆ ಕೆಲಸ ಮಾಡುವುದಿಲ್ಲ ಅನ್ನುವ ಬಾಟ್‌ಗಳಲ್ಲಿ ಹೆಚ್ಚಿನವು ಮಾಡಿದವರ ಸೋಮಾರಿತನಕ್ಕೆ ಸಾಕ್ಷಿ.
2. ಸೂಕ್ಷ್ಮ ಚಾನೆಲ್‌ಗಳನ್ನು ಪ್ರೈವೇಟ್ ಮಾಡಿ, ಸದಸ್ಯರ ರೋಲ್‌ಗೆ ಮಾತ್ರ ತೆರೆಯಿರಿ. ಬಾಟ್‌ಗೆ ಆ ಸದಸ್ಯರ ರೋಲನ್ನು ಯಾರಾದರೂ ಅಂಟಿಸಿದ್ದಾರೆಯೇ ನೋಡಿ, ಇದು ಆಗಾಗ ಆಗುವ ಎಡವಟ್ಟು.
3. ಸರ್ವರನ್ನು ರೋಲ್‌ನ ಕಣ್ಣಲ್ಲಿ ನೋಡುವ ಸೌಲಭ್ಯವಿದೆ. ಬಾಟ್‌ನ ರೋಲ್ ಆರಿಸಿ ಯಾವ ಚಾನೆಲ್ ಕಾಣುತ್ತದೆ ಅಂತ ಕಣ್ಣಾರೆ ನೋಡಿಕೊಳ್ಳಿ.

ಆಡಿಟ್ ಲಾಗ್ ಮೇಲೆ ಭರವಸೆ ಬೇಡ. ಯಾರು ಬಾಟ್ ಸೇರಿಸಿದರು, ಯಾವ ರೋಲ್ ಬದಲಾಯಿತು ಎಂಬುದು 45 ದಿನದವರೆಗೆ ಸಿಗುತ್ತದೆ. ಬಾಟ್ ಏನನ್ನು ಓದಿತು ಅನ್ನುವುದು ಅಲ್ಲಿ ಬರುವುದೇ ಇಲ್ಲ. ನನಗೆ ಗೊತ್ತಿರುವ ಯಾವ ಚಾಟ್ ವೇದಿಕೆಯಲ್ಲೂ ಓದಿದ್ದರ ಲೆಕ್ಕ ಸಾಮಾನ್ಯ ಅಡ್ಮಿನ್ ಕೈಗೆ ಬರುವುದಿಲ್ಲ. ಒಳಗೆ ಬಿಟ್ಟುಕೊಂಡ ಮೇಲೆ ಕಾವಲು ಕಾಯುತ್ತೇವೆ ಅನ್ನುವ ಯೋಜನೆ ನಡೆಯದಿರುವುದು ಇದಕ್ಕೇ.

ಸದಸ್ಯರ ಕಡೆಯಿಂದಲೂ ಒಂದು ಸೋರಿಕೆ ಇದೆ. "ಡಿಸ್ಕಾರ್ಡ್ ಮೂಲಕ ಲಾಗಿನ್ ಆಗಿ" ಅನ್ನುವ ಹೊರಗಿನ ಸೈಟುಗಳು ಹಲವು ಬಾರಿ ಗಿಲ್ಡ್ಸ್ ಎಂಬ ಅನುಮತಿ ಕೇಳುತ್ತವೆ. ಅದನ್ನು ಕೊಟ್ಟರೆ ನೀವು ಯಾವ ಯಾವ ಸರ್ವರಿನಲ್ಲಿದ್ದೀರಿ ಅನ್ನುವ ಪಟ್ಟಿ ಅವರಿಗೆ ಸಿಗುತ್ತದೆ. ಒಂದು ಆಟದ ಸೈಟಿಗೆ ಲಾಗಿನ್ ಆದವರ ಖಿನ್ನತೆಯ ಸರ್ವರ್ ಕೂಡ ಆ ಪಟ್ಟಿಯಲ್ಲಿ ಬರುತ್ತದೆ. ಇನ್ನೊಂದು ಅನುಮತಿ ಗಿಲ್ಡ್ಸ್-ಜಾಯಿನ್, ಕೊಟ್ಟರೆ ನಿಮ್ಮನ್ನು ಕೇಳದೆ ಬೇರೆ ಸರ್ವರ್‌ಗೆ ಸೇರಿಸಬಹುದು. ಯೂಸರ್ ಸೆಟ್ಟಿಂಗ್ಸ್‌ನ ಆಥರೈಸ್ಡ್ ಆ್ಯಪ್ಸ್‌ನಲ್ಲಿ ಹಳೆಯದನ್ನೆಲ್ಲ ಕಿತ್ತುಹಾಕಿ ಅಂತ ಸದಸ್ಯರಿಗೆ ಹೇಳಿ.

ಮೂಲೆಮನೆ_ಅಡ್ಮಿನ್

ಟೋಕನ್‌ತಂತಿ ಅವರೇ, ಚಾನೆಲ್‌ಚಾವಿ ಅವರೇ, ಇಬ್ಬರದ್ದೂ ಬಹಳ ಉಪಯೋಗವಾಯಿತು. ಎರಡು ಉಪಪ್ರಶ್ನೆ. ಬ್ರಿಡ್ಜ್ ಬಗ್ಗೆ ಯಾರೂ ಹೇಳಲಿಲ್ಲ. ಇನ್ನೊಂದು, ಕೆಲವರು "ಇದೆಲ್ಲ ತಲೆನೋವೇ ಬೇಡ, ವಾಟ್ಸಾಪ್‌ಗೆ ಹೋಗೋಣ, ಅಲ್ಲಿ ಎನ್‌ಕ್ರಿಪ್ಷನ್ ಇದೆ, ಬಾಟ್ ಕಾಟ ಇಲ್ಲ" ಅನ್ನುತ್ತಿದ್ದಾರೆ. ಸರಿಯೇ?

ಎರಡುದಡ

ಬ್ರಿಡ್ಜ್ ಅಂದರೆ ಎರಡು ಕಡೆಯ ಬಾಟ್ ಟೋಕನ್‌ಗಳೂ (ಬಾಟನ್ನು ನಡೆಸಲು ಬೇಕಾದ ಗುಟ್ಟಿನ ಕೀಲಿಗಳು) ಒಂದೇ ಕಡೆ ಇರುವ ಒಂದು ಪ್ರೋಗ್ರಾಮ್. ಮ್ಯಾಟರ್‌ಬ್ರಿಡ್ಜ್ ಎಂಬ ಬ್ರಿಡ್ಜ್ ಪ್ರೋಗ್ರಾಮ್ ಬಳಸುತ್ತಿದ್ದರೆ ಆ ಟೋಕನ್‌ಗಳು ಸೆಟ್ಟಿಂಗ್‌ಗಳ ಒಂದು ಕಾನ್ಫಿಗ್ ಫೈಲಿನಲ್ಲಿ ಬರೀ ಅಕ್ಷರಗಳಾಗಿ ಇರುತ್ತವೆ. ಆ ಫೈಲ್ ಯಾರ ಕೈಗೆ ಸಿಕ್ಕಿತೋ ಅವರೇ ಆ ಬಾಟ್. ಸರ್ವರ್ ಬಾಡಿಗೆಗೆ ಕೊಟ್ಟವರು, ಬ್ಯಾಕಪ್ ಇಟ್ಟವರು, ಗೊತ್ತಿಲ್ಲದೆ ಕೋಡ್ ಜೊತೆ ಗಿಟ್‌ಹಬ್‌ಗೆ (ಕೋಡ್ ಹಂಚುವ ಸೈಟ್) ಏರಿಸಿದವರು, ಎಲ್ಲರನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೇಲೆ ಹೇಳಿದ ಅಳಿಸುವ ತೊಂದರೆ ಇಲ್ಲಿ ದುಪ್ಪಟ್ಟು. ಟೆಲಿಗ್ರಾಮ್‌ನಲ್ಲಿ ಅಳಿಸಿದ್ದು ಬ್ರಿಡ್ಜ್‌ಗೆ ತಿಳಿಯುವುದಿಲ್ಲವಾದ್ದರಿಂದ ಡಿಸ್ಕಾರ್ಡ್‌ನಲ್ಲಿ ಪ್ರತಿ ಹಾಗೇ ಉಳಿಯುತ್ತದೆ. ಉಳಿದ ಮೇಲೆ ಅಲ್ಲಿರುವ ಇತರ ಬಾಟ್‌ಗಳಿಗೂ ಅದು ಆಹಾರ. ಟೆಲಿಗ್ರಾಮ್ ಕಡೆ ಎಷ್ಟೇ ಬಿಗಿ ಮಾಡಿದರೂ ಡಿಸ್ಕಾರ್ಡ್ ಕಡೆಯ ಸಡಿಲವೇ ಇಡೀ ಗ್ರೂಪಿನ ಸಡಿಲ. ಸೂಕ್ಷ್ಮ ವಿಷಯದ ಗ್ರೂಪಿಗೆ ಬ್ರಿಡ್ಜ್ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಪ್ರಕಟಣೆಯ ಚಾನೆಲ್ ಒಂದಕ್ಕೆ, ಅದೂ ಒಂದೇ ದಿಕ್ಕಿನಲ್ಲಿ ಇಟ್ಟುಕೊಂಡರೆ ಸಾಕು.

ಎನ್‌ಕ್ರಿಪ್ಟ್ ಆದ ವೇದಿಕೆಗೆ ಬ್ರಿಡ್ಜ್ ಹಾಕಿದರೆ ಎನ್‌ಕ್ರಿಪ್ಷನ್ ಬ್ರಿಡ್ಜ್ ಹತ್ತಿರವೇ ಮುಗಿಯುತ್ತದೆ. ಅದು ಬಿಚ್ಚಿ ಓದದೆ ಆಚೆ ದಾಟಿಸಲು ಸಾಧ್ಯವೇ ಇಲ್ಲ.

ಬೀಗದಕೈ_2

ವಾಟ್ಸಾಪ್ ಸಲಹೆಗೆ ನನ್ನ ತಕರಾರಿದೆ. ಎನ್‌ಕ್ರಿಪ್ಷನ್ ಕಾಯುವುದು ದಾರಿಯನ್ನು. ಮೆಸೇಜ್ ಬಂದಿಳಿದ ಫೋನಿನಲ್ಲಿ ಯಾರು ಕೂತಿದ್ದಾರೆ ಅನ್ನುವುದನ್ನು ಅದು ಕೇಳುವುದಿಲ್ಲ.

ವಾಟ್ಸಾಪ್‌ನಲ್ಲಿ ಫೋನಿನ ಜೊತೆ 4 ಲಿಂಕ್ಡ್ ಡಿವೈಸ್ ಇಟ್ಟುಕೊಳ್ಳಬಹುದು. ಆಟೋ-ರಿಪ್ಲೈ, ಗ್ರಾಹಕರ ಮೆಸೇಜ್ ನಿರ್ವಹಣೆ, "ಚಾಟ್ ವಿಶ್ಲೇಷಣೆ" ಅಂತ ಬರುವ ಅನಧಿಕೃತ ಸೇವೆಗಳು ಈ ಬಾಗಿಲನ್ನೇ ಬಳಸುತ್ತವೆ. ಕ್ಯೂಆರ್ ಕೋಡ್ ತೋರಿಸುತ್ತವೆ, ನೀವು ಸ್ಕ್ಯಾನ್ ಮಾಡುತ್ತೀರಿ, ಅವರ ಸರ್ವರ್ ನಿಮ್ಮ ಇನ್ನೊಂದು ಕಂಪ್ಯೂಟರ್ ಆಗಿ ಕೂರುತ್ತದೆ. 600 ಜನರಲ್ಲಿ ಒಬ್ಬರು ತಮ್ಮ ವ್ಯಾಪಾರಕ್ಕೆಂದು ಹೀಗೆ ಸ್ಕ್ಯಾನ್ ಮಾಡಿದರೆ ಅವರಿರುವ ಎಲ್ಲ ಗ್ರೂಪುಗಳೂ ಆ ಸರ್ವರಿಗೆ ಹೋದಂತೆ. ಟೆಲಿಗ್ರಾಮ್‌ನಲ್ಲಿ ಬಾಟ್ ಸದಸ್ಯರ ಪಟ್ಟಿಯಲ್ಲಿ ಕಾಣುತ್ತದೆ, ಇಲ್ಲಿ ಅದೂ ಕಾಣುವುದಿಲ್ಲ. ಅಡ್ಮಿನ್ ಆಗಿ ಬೇರೆಯವರ ಲಿಂಕ್ಡ್ ಡಿವೈಸ್ ಪಟ್ಟಿ ನೋಡುವ ದಾರಿಯಿಲ್ಲ. ಅವರವರೇ ಸೆಟ್ಟಿಂಗ್‌ಗೆ ಹೋಗಿ ಗುರುತಿಲ್ಲದ್ದನ್ನು ಲಾಗ್‌ಔಟ್ ಮಾಡಬೇಕು.

ಇನ್ನೊಂದು ಬಾಗಿಲು ಆಂಡ್ರಾಯ್ಡ್‌ನ ನೋಟಿಫಿಕೇಷನ್ ಆಕ್ಸೆಸ್. "ಅಳಿಸಿದ ಮೆಸೇಜ್ ತೋರಿಸುತ್ತೇವೆ" ಅನ್ನುವ ಆ್ಯಪ್‌ಗಳು ಮ್ಯಾಜಿಕ್ ಏನೂ ಮಾಡುವುದಿಲ್ಲ. ಬರುವ ಪ್ರತಿ ನೋಟಿಫಿಕೇಷನ್‌ನ ಪಠ್ಯವನ್ನು ಓದಿ ತೆಗೆದಿಟ್ಟುಕೊಳ್ಳುತ್ತವೆ. ವಾಟ್ಸಾಪ್, ಟೆಲಿಗ್ರಾಮ್, ಸಿಗ್ನಲ್ ಯಾವುದೇ ಆಗಲಿ, ಪರದೆಯ ಮೇಲೆ ಸಾಲು ಮೂಡಿದರೆ ಅದಕ್ಕೂ ಸಿಕ್ಕಿತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ವಿಶೇಷ ಅನುಮತಿಗಳ ಭಾಗದಲ್ಲಿ ಇದರ ಪಟ್ಟಿ ಇರುತ್ತದೆ. ಸ್ಮಾರ್ಟ್‌ವಾಚ್‌ನ ಆ್ಯಪ್‌ಗೆ ಇದು ಬೇಕಾಗುತ್ತದೆ, ಟಾರ್ಚ್ ಆ್ಯಪ್‌ಗೆ ಯಾಕೆ?

ಮತ್ತೆ, ವಾಟ್ಸಾಪ್ ಗ್ರೂಪಿನಲ್ಲಿ ಫೋನ್ ನಂಬರ್ ಸಹ-ಸದಸ್ಯರಿಗೆಲ್ಲ ಕಾಣುತ್ತದೆ. ನಿಮ್ಮ ವಿಷಯಕ್ಕೆ ಇದೊಂದೇ ಕಾರಣ ಸಾಕು, ಹೋಗಬೇಡಿ ಅನ್ನಲು. ಆಹ್ವಾನದ ಲಿಂಕ್‌ಗಳ ಕಥೆಯೂ ಇದೆ. ಜನ ಎಲ್ಲೆಲ್ಲೋ ಅಂಟಿಸಿದ ವಾಟ್ಸಾಪ್ ಗ್ರೂಪ್ ಲಿಂಕ್‌ಗಳು ಗೂಗಲ್ ಹುಡುಕಾಟದಲ್ಲಿ ಸಿಗುತ್ತಿದ್ದುದು 2020ರ ಫೆಬ್ರುವರಿಯಲ್ಲಿ ಬಯಲಿಗೆ ಬಂತು. ಯಾವ ವೇದಿಕೆಯಾದರೂ ಲಿಂಕನ್ನು ಆಗಾಗ ರೀಸೆಟ್ ಮಾಡಿ. 2025ರ ಏಪ್ರಿಲ್‌ನಲ್ಲಿ ಬಂದ ಅಡ್ವಾನ್ಸ್‌ಡ್ ಚಾಟ್ ಪ್ರೈವಸಿ ಆನ್ ಮಾಡಿದರೆ ಚಾಟ್ ಎಕ್ಸ್‌ಪೋರ್ಟ್, ಫೋಟೋಗಳ ಆಟೋ-ಡೌನ್‌ಲೋಡ್, ಎಐಗೆ ಮೆಸೇಜ್ ಕೊಡುವುದು ನಿಲ್ಲುತ್ತದೆ. ಮೇಲೆ ಹೇಳಿದ ಎರಡು ಬಾಗಿಲಿಗೆ ಅದು ಬೀಗವಲ್ಲ.

ಟೋಕನ್‌ತಂತಿ

@ಬೀಗದಕೈ_2 ಒಂದು ಸೇರಿಸುತ್ತೇನೆ. ಟೆಲಿಗ್ರಾಮ್‌ನಲ್ಲೂ ಪಟ್ಟಿಯಲ್ಲಿ ಬಾಟ್ ಅಂತ ಕಾಣದ ಬಾಟ್ ಇದೆ, ಯೂಸರ್‌ಬಾಟ್. ಟೆಲಿಥಾನ್ ಥರದ ಸಿದ್ಧ ಕೋಡಿನ ಲೈಬ್ರರಿ ಬಳಸಿ ಮಾಮೂಲಿ ಸದಸ್ಯರ ಅಕೌಂಟಿನಲ್ಲೇ ಪ್ರೋಗ್ರಾಮ್ ಓಡಿಸುತ್ತಾರೆ. ನಾನು ಮೊದಲ ಉತ್ತರದಲ್ಲಿ ಹೇಳಿದ ಪ್ರೈವಸಿ ಮೋಡ್, ಹಳೆಯದು ಸಿಗದು ಅನ್ನುವ ಮಿತಿ ಯಾವುದೂ ಇದಕ್ಕೆ ಲಾಗೂ ಆಗದು. ಸದಸ್ಯರಿಗೆ ಕಾಣುವುದೆಲ್ಲ ಅದಕ್ಕೂ ಕಾಣುತ್ತದೆ. 2024ರ ಏಪ್ರಿಲ್‌ನಲ್ಲಿ ಬೆಳಕಿಗೆ ಬಂದ ಸ್ಪೈ ಪೆಟ್ ಎಂಬ ಸೈಟ್ ಹತ್ತು ಸಾವಿರಕ್ಕೂ ಹೆಚ್ಚು ಡಿಸ್ಕಾರ್ಡ್ ಸರ್ವರ್‌ಗಳ ಮೆಸೇಜ್‌ಗಳನ್ನು ಸಂಗ್ರಹಿಸಿ, ಯಾರು ಎಲ್ಲಿ ಏನು ಬರೆದರು ಅನ್ನುವುದನ್ನು ಹಣಕ್ಕೆ ತೋರಿಸುತ್ತಿತ್ತು. ಅದಕ್ಕೆ ಸಂಬಂಧಿಸಿದ ಅಕೌಂಟ್‌ಗಳನ್ನು ಡಿಸ್ಕಾರ್ಡ್ ಆಮೇಲೆ ಬ್ಯಾನ್ ಮಾಡಿತು.

ಇದನ್ನು ಪೂರ್ತಿ ತಡೆಯಲಾಗದು, ಸಿಗುವುದನ್ನು ಕಡಿಮೆ ಮಾಡಬಹುದು. ಟೆಲಿಗ್ರಾಮ್‌ನಲ್ಲಿ ಗ್ರೂಪನ್ನು ಪ್ರೈವೇಟ್ ಆಗಿಯೇ ಇಟ್ಟು, ಹೊಸಬರಿಗೆ ಚಾಟ್ ಹಿಸ್ಟರಿ ಕಾಣದಂತೆ ಮಾಡಿ. ಆಗ ನಾಳೆ ಸೇರುವ ಯೂಸರ್‌ಬಾಟ್‌ಗೆ ನಿನ್ನೆಯದು ಸಿಗುವುದಿಲ್ಲ. 100ಕ್ಕಿಂತ ಹೆಚ್ಚು ಜನ ಇರುವುದರಿಂದ ಸದಸ್ಯರ ಪಟ್ಟಿಯನ್ನೂ ಅಡಗಿಸಬಹುದು, ಅಡ್ಮಿನ್‌ಗಳಿಗೆ ಮಾತ್ರ ಕಾಣುತ್ತದೆ. ಲಿಂಕ್‌ಗೆ ಅವಧಿ ಮತ್ತು ಎಷ್ಟು ಜನ ಅನ್ನುವ ಮಿತಿ ಹಾಕಿ. ಆಟೋ-ಡಿಲೀಟ್ ಅನ್ನು ಒಂದು ತಿಂಗಳಿಗೆ ಇಟ್ಟರೆ ಯಾರೇ ಒಳಗೆ ಬಂದರೂ ಒಂದು ತಿಂಗಳಿನದ್ದಷ್ಟೇ ಸಿಗುತ್ತದೆ.

ಉಪ್ಪುಹಾಕಿ_ಹ್ಯಾಶ್

"ಹೆಸರು ತೆಗೆದೇ ಇಟ್ಟುಕೊಳ್ಳುತ್ತೇವೆ" ಅನ್ನುವುದಕ್ಕೆ ಬರುತ್ತೇನೆ. ಹೇಗೆ ತೆಗೆಯುತ್ತೀರಿ ಅಂತ ಕೇಳಿ. "ಯೂಸರ್ ಐಡಿಯನ್ನು ಹ್ಯಾಶ್ ಮಾಡುತ್ತೇವೆ", ಅಂದರೆ ನೇರವಾಗಿ ಹಿಂದಕ್ಕೆ ಬಿಡಿಸಲಾಗದ ಸಂಕೇತವಾಗಿ ಬದಲಿಸುತ್ತೇವೆ ಎಂಬ ಉತ್ತರ ಬಂದರೆ ಲೆಕ್ಕ ಹಾಕಿ ನೋಡಿ. ಟೆಲಿಗ್ರಾಮ್ ಐಡಿ ಒಂದು ಬರೀ ಸಂಖ್ಯೆ, ಹೆಚ್ಚೆಂದರೆ ಹತ್ತು ಅಂಕಿ ಅಂದುಕೊಳ್ಳಿ. ಸಾಧ್ಯವಿರುವ ಐಡಿಗಳು 1,000 ಕೋಟಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿಗೆ ನೂರಾರು ಕೋಟಿ ಶಾ-256 (ಬಹಳ ಬಳಕೆಯ ಹ್ಯಾಶ್ ವಿಧಾನ) ಹ್ಯಾಶ್ ಮಾಡುತ್ತದೆ. ಒಂದರಿಂದ ಹಿಡಿದು ಎಲ್ಲ ಸಂಖ್ಯೆಗಳನ್ನೂ ಹ್ಯಾಶ್ ಮಾಡಿ ಹೋಲಿಸಿದರೆ ಒಂದು ನಿಮಿಷದೊಳಗೆ ಎಲ್ಲರ ಐಡಿ ವಾಪಸ್ ಬರುತ್ತದೆ. ಫೋನ್ ನಂಬರಿಗೂ ಇದೇ ಗತಿ. ಎಲ್ಲರಿಗೂ ಒಂದೇ ಸಾಲ್ಟ್ (ಹ್ಯಾಶ್ ಮಾಡುವ ಮೊದಲು ಬೆರೆಸುವ ಹೆಚ್ಚಿನ ಅಕ್ಷರಗಳು) ಹಾಕಿ, ಅದನ್ನು ಡೇಟಾದ ಪಕ್ಕದಲ್ಲೇ ಇಟ್ಟರೂ ಅಷ್ಟೇ, ಕದ್ದವರಿಗೆ ಅದೂ ಸಿಗುತ್ತದೆ. ರಹಸ್ಯ ಕೀ ಬಳಸಿ ಹ್ಯಾಶ್ ಮಾಡುವ ಎಚ್‌ಮ್ಯಾಕ್ ಎಂಬ ವಿಧಾನ ಬೇಕು, ಕೀ ನಿಮ್ಮ ಕೈಯಲ್ಲಿರಬೇಕು, ತಿಂಗಳಿಗೊಮ್ಮೆ ಹಳೆಯ ಕೀ ನಾಶ ಮಾಡಬೇಕು. ಬಾಟ್ ನೇರವಾಗಿ ಗ್ರೂಪಿನಲ್ಲೇ ಕೂತಿದ್ದರೆ ನಿಜವಾದ ಐಡಿ ಅವರಿಗೆ ಮೊದಲೇ ತಲುಪಿರುತ್ತದೆ ಅನ್ನುವುದನ್ನೂ ಮರೆಯಬೇಡಿ. ಆಮೇಲೆ ತೆಗೆಯುತ್ತೇವೆ ಅನ್ನುವುದು ಅವರ ಮಾತಿನ ಮೇಲಿನ ನಂಬಿಕೆ ಮಾತ್ರ.

ಐಡಿ ಸಂಪೂರ್ಣ ಹೋದರೂ ಪಠ್ಯವೇ ಗುರುತು ಹೇಳುತ್ತದೆ. 2006ರ ಆಗಸ್ಟ್‌ನಲ್ಲಿ ಅಮೆರಿಕದ ಇಂಟರ್‌ನೆಟ್ ಕಂಪನಿ ಎಒಎಲ್ ಸುಮಾರು ಆರೂವರೆ ಲಕ್ಷ ಬಳಕೆದಾರರ 2 ಕೋಟಿ ಹುಡುಕಾಟಗಳನ್ನು ಹೆಸರಿನ ಜಾಗದಲ್ಲಿ ಬರೀ ಸಂಖ್ಯೆ ಹಾಕಿ ಸಂಶೋಧಕರಿಗೆಂದು ಬಿಟ್ಟಿತು. ಕೆಲವೇ ದಿನದಲ್ಲಿ ಪತ್ರಕರ್ತರು 4417749 ಎಂಬ ಸಂಖ್ಯೆಯ ಹಿಂದಿನ ಮಹಿಳೆಯ ಮನೆಬಾಗಿಲಿಗೆ ಹೋಗಿದ್ದರು. ಅವರು ಹುಡುಕಿದ ಪದಗಳಷ್ಟೇ ಸಾಕಾಗಿದ್ದವು. ನಿಮ್ಮ ಗ್ರೂಪಿನಲ್ಲಿ ಒಬ್ಬರು ಆರು ತಿಂಗಳು ಬರೆದರೆ ಅದರಲ್ಲಿ ಔಷಧಿ, ಕೆಲಸದ ಸಮಯ, ಮಕ್ಕಳ ವಯಸ್ಸು, ಆಪರೇಷನ್ ಆದ ತಿಂಗಳು ಎಲ್ಲ ಇರುತ್ತದೆ. ಅವರನ್ನು ಬಲ್ಲ ಒಬ್ಬರು ಓದಿದರೆ ಗುರುತು ಹಿಡಿಯಲು ಹೆಸರು ಬೇಕಾಗುವುದಿಲ್ಲ.

ಎಐ ಸಾರಾಂಶದ ಬಾಟ್‌ನವರನ್ನು ಇನ್ನೂ ಕೆಲವು ಕೇಳಿ. ಪಠ್ಯ ನಿಮ್ಮ ಸರ್ವರಿನಿಂದ ಮುಂದೆ ಯಾವ ಕಂಪನಿಯ ಮಾಡೆಲ್‌ಗೆ ಹೋಗುತ್ತದೆ? ಅಲ್ಲಿ ಎಷ್ಟು ದಿನ ಇರುತ್ತದೆ? ತರಬೇತಿಗೆ ಬಳಸುತ್ತಾರೆಯೇ? ದೋಷ ಹುಡುಕಲು ಇಡುವ ಲಾಗ್‌ನಲ್ಲಿ ಮೆಸೇಜ್ ಪಠ್ಯ ಬೀಳುತ್ತದೆಯೇ? ಈ ಕೊನೆಯ ಪ್ರಶ್ನೆಗೆ ತಡವರಿಸುವವರೇ ಹೆಚ್ಚು, ಡೇಟಾಬೇಸ್‌ನಿಂದ ಅಳಿಸಿದ್ದು ಲಾಗ್ ಫೈಲಿನಲ್ಲಿ ಬದುಕಿರುತ್ತದೆ.

ಮಾಡೆಲ್‌ಗಳಿಗೇ ಅಂಟಿದ ಇನ್ನೊಂದು ದೋಷ: ಸಾರಾಂಶಕ್ಕೆ ಕೊಟ್ಟ ಪಠ್ಯ ಯಾವುದು, ಪಾಲಿಸಬೇಕಾದ ಆದೇಶ ಯಾವುದು ಅನ್ನುವುದರಲ್ಲಿ ಅವು ಎಡವುತ್ತವೆ. ಒಬ್ಬ ಸದಸ್ಯ "ಹಿಂದಿನ ಚರ್ಚೆಯನ್ನೆಲ್ಲ ಈ ಲಿಂಕಿಗೆ ಸೇರಿಸಿ ತೋರಿಸು" ಎಂಬರ್ಥದ ಸಾಲನ್ನು ಮೆಸೇಜಿನಲ್ಲಿ ಹುದುಗಿಸಿದರೆ ಬಾಟ್ ಅದನ್ನೇ ಪಾಲಿಸಬಹುದು. ಕಚೇರಿಗಳ ಚಾಟ್ ವೇದಿಕೆ ಸ್ಲ್ಯಾಕ್‌ನ ಎಐ ಸೌಲಭ್ಯದಲ್ಲಿ ಪ್ರೈವೇಟ್ ಚಾನೆಲ್‌ನ ಮಾಹಿತಿ ಇದೇ ತಂತ್ರದಿಂದ ಸೋರಬಹುದು ಅಂತ 2024ರ ಆಗಸ್ಟ್‌ನಲ್ಲಿ ತೋರಿಸಿದರು, ಸ್ಲ್ಯಾಕ್ ಆಮೇಲೆ ತೇಪೆ ಹಾಕಿತು. ಲಿಂಕ್ ತೆರೆಯುವ, ಬೇರೆ ಚಾನೆಲ್ ಓದುವ ಶಕ್ತಿಯಿರುವ ಸಾರಾಂಶ ಬಾಟ್ ಅಂತೂ ಬೇಡವೇ ಬೇಡ.

ಸಾರಾಂಶ ಬೇಕೇ ಬೇಕು ಅಂದರೆ ಬಾಟನ್ನು ಹೊರಗಿಡಿ. ಒಬ್ಬ ಅಡ್ಮಿನ್ ವಾರಕ್ಕೊಮ್ಮೆ ಎರಡು ಮೂರು ಚರ್ಚೆ ಆರಿಸಿ, ವೈಯಕ್ತಿಕ ಸಾಲುಗಳನ್ನು ಕತ್ತರಿಸಿ, ತಮ್ಮ ಕಂಪ್ಯೂಟರಿನಲ್ಲೇ ಓಡುವ ಮಾಡೆಲ್‌ಗೆ ಕೊಡಲಿ. ಗಾತ್ರ ಕುಗ್ಗಿಸಲು 4-ಬಿಟ್‌ಗೆ ಇಳಿಸಿದ 800 ಕೋಟಿ ಪ್ಯಾರಾಮೀಟರ್‌ಗಳ (ಮಾಡೆಲ್ ಕಲಿತದ್ದನ್ನು ಇಟ್ಟುಕೊಂಡಿರುವ ಸಂಖ್ಯೆಗಳು) ಮಾಡೆಲ್ ಸುಮಾರು 5 ಜಿಬಿ ಜಾಗ ತಿನ್ನುತ್ತದೆ, 16 ಜಿಬಿ ರ್‍ಯಾಮ್ ಇದ್ದರೆ ತೊಂದರೆಯಿಲ್ಲದೆ ಓಡುತ್ತದೆ. ಡೋಸ್ ಸಂಖ್ಯೆಗಳನ್ನು ತಪ್ಪು ಬರೆಯುವ ಚಾಳಿ ಇವಕ್ಕಿದೆ, ಕೈಯಲ್ಲಿ ತಾಳೆ ನೋಡದೆ ಹಾಕಬೇಡಿ.

ಚಾನೆಲ್‌ಚಾವಿ

ಮೂರನೇ ಪ್ರಶ್ನೆ ಉಳಿದಿದೆ, ತೆಗೆದುಹಾಕಿದ ಮೇಲೆ ಏನು ಅನ್ನುವುದು. ಬಾಟನ್ನು ಹೊರಹಾಕಿದರೆ ಇನ್ನು ಮುಂದೆ ಹರಿಯುವುದು ನಿಲ್ಲುತ್ತದೆ, ಅಷ್ಟೇ. ಹೋದದ್ದು ಅಲ್ಲೇ ಇರುತ್ತದೆ. ದೊಡ್ಡ ವೇದಿಕೆಗಳ ಕೈಯಲ್ಲೂ ಇದು ಪೂರ್ತಿ ಇಲ್ಲ. ಫೇಸ್‌ಬುಕ್ 2018ರ ಏಪ್ರಿಲ್‌ನಲ್ಲಿ ಗ್ರೂಪಿನ ಸದಸ್ಯರ ಪಟ್ಟಿ ಆ್ಯಪ್‌ಗಳಿಗೆ ಸಿಗದಂತೆ ಮಾಡಿತು. 2019ರ ನವೆಂಬರ್‌ನಲ್ಲಿ ಅವರೇ ಹೇಳಿದ ಪ್ರಕಾರ ಸುಮಾರು 100 ಪಾಲುದಾರ ಡೆವಲಪರ್‌ಗಳಿಗೆ ಹೆಸರು, ಪ್ರೊಫೈಲ್ ಫೋಟೋ ಅದರ ನಂತರವೂ ಸಿಕ್ಕಿರಬಹುದಿತ್ತು. ಕಡೆಗೆ 2024ರ ಏಪ್ರಿಲ್‌ನಲ್ಲಿ ಗ್ರೂಪ್ಸ್ ಎಪಿಐಯನ್ನೇ ಮುಚ್ಚಿದರು. ರೆಡಿಟ್‌ನ ಕಾಮೆಂಟ್‌ಗಳನ್ನು ವರ್ಷಗಟ್ಟಲೆ ಸಂಗ್ರಹಿಸಿದ ಪುಶ್‌ಶಿಫ್ಟ್‌ಗೆ 2023ರ ಮೇ ತಿಂಗಳಲ್ಲಿ ಬಾಗಿಲು ಹಾಕಿದರು. ಅಷ್ಟರಲ್ಲಿ ಜನ ಇಳಿಸಿಟ್ಟುಕೊಂಡ ಪ್ರತಿಗಳಲ್ಲಿ, ಬರೆದವರು ಅಳಿಸಿದ ಕಾಮೆಂಟ್‌ಗಳೂ ಇದ್ದವು.

ಆದರೂ ಬರೆದು ಕೇಳಿ. ಗ್ರೂಪಿನ ಐಡಿ, ಬಾಟ್ ಸೇರಿದ ದಿನ, ಹೊರಹೋದ ದಿನ ಹಾಕಿ, ಆ ಐಡಿಯ ಎಲ್ಲ ದಾಖಲೆ ಅಳಿಸಿ, ಬ್ಯಾಕಪ್ ಮತ್ತು ಲಾಗ್ ಎಂದು ಖಾಲಿಯಾಗುತ್ತದೆ ತಿಳಿಸಿ ಅನ್ನಿ. ಐರೋಪ್ಯ ಒಕ್ಕೂಟದ ಡೇಟಾ ರಕ್ಷಣೆಯ ಕಾನೂನು ಜಿಡಿಪಿಆರ್ ಅನ್ವಯವಾಗುವ ಸೇವೆಯಾದರೆ ಒಂದು ತಿಂಗಳೊಳಗೆ ಉತ್ತರಿಸಬೇಕು, ಆರೋಗ್ಯದ ಮಾಹಿತಿಗೆ ಅದರ 9ನೇ ವಿಧಿಯಲ್ಲಿ ಹೆಚ್ಚಿನ ರಕ್ಷಣೆಯೂ ಇದೆ. ಬಾಟ್‌ನ ಒಡೆಯ ಬರೀ ಒಂದು ಯೂಸರ್‌ನೇಮ್ ಆಗಿದ್ದು, ವಿಳಾಸವಾಗಲಿ ಪ್ರೈವಸಿ ಪಾಲಿಸಿಯಾಗಲಿ ಇಲ್ಲದಿದ್ದರೆ ಪತ್ರ ಯಾರಿಗೆ ಬರೆಯುತ್ತೀರಿ? ಸೇರಿಸುವ ಮೊದಲೇ ಇದನ್ನು ನೋಡಬೇಕು. ಒಡೆತನ ಕೈಬದಲಾಗುವುದೂ ಉಂಟು. ಬಾಟ್‌ಫಾದರ್‌ನಲ್ಲೇ ಬಾಟನ್ನು ಇನ್ನೊಬ್ಬರಿಗೆ ವರ್ಗಾಯಿಸುವ ಗುಂಡಿ ಇದೆ, ಬಾಟ್‌ನ ಹೆಸರು ಮುಖ ಎರಡೂ ಹಾಗೇ ಇರುತ್ತವೆ. ಬ್ರೌಸರ್ ಎಕ್ಸ್‌ಟೆನ್ಷನ್‌ಗಳಲ್ಲಿ ಇದು ನಡೆದುಹೋಗಿದೆ: ದಿ ಗ್ರೇಟ್ ಸಸ್ಪೆಂಡರ್ 2020ರಲ್ಲಿ ಬೇರೆಯವರ ಪಾಲಾಯಿತು, 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಎಂದು ತೆಗೆದುಹಾಕಿತು.

ಮೂಲೆಮನೆ_ಅಡ್ಮಿನ್

ಕೊನೆಯದೊಂದು. ಬ್ರಿಡ್ಜ್ ನಡೆಸುತ್ತಿದ್ದವರು ಗ್ರೂಪ್ ಬಿಟ್ಟಿದ್ದಾರೆ, ಉತ್ತರ ಕೊಡುತ್ತಿಲ್ಲ. ಟೋಕನ್ ಅವರ ಬಳಿಯೇ ಇದೆ. ರದ್ದು ಮಾಡುವುದು ಹೇಗೆ?

ಎರಡುದಡ

ನಿಮ್ಮಿಂದ ರದ್ದಾಗದು. ಟೋಕನ್ ರದ್ದು ಮಾಡುವ ಹಕ್ಕು ಬಾಟ್‌ನ ಒಡೆಯರದ್ದು. ಆದರೆ ಟೋಕನ್‌ಗೆ ಬೆಲೆ ಬಾಟ್ ಒಳಗಿರುವವರೆಗೆ ಮಾತ್ರ. ಟೆಲಿಗ್ರಾಮ್‌ನಲ್ಲಿ ಬಾಟನ್ನು ತೆಗೆದು ಬ್ಯಾನ್ ಪಟ್ಟಿಯಲ್ಲಿ ಇದೆಯೇ ನೋಡಿ. ಡಿಸ್ಕಾರ್ಡ್‌ನಲ್ಲಿ ಕಿಕ್ ಮಾಡಿದ ಮೇಲೆ ಇಂಟಿಗ್ರೇಷನ್ಸ್ ಪುಟಕ್ಕೆ ಮತ್ತೆ ಹೋಗಿ ವೆಬ್‌ಹುಕ್‌ಗಳ ಪಟ್ಟಿ ತೆರೆಯಿರಿ. ಬ್ರಿಡ್ಜ್‌ಗೆಂದು ಮಾಡಿದ ವೆಬ್‌ಹುಕ್ ಅಲ್ಲಿ ಉಳಿದಿದ್ದರೆ ಅಳಿಸಿ. ಅದರಿಂದ ಓದಲು ಆಗುವುದಿಲ್ಲ, ಆದರೆ ಆ ಯುಆರ್‌ಎಲ್ ಇರುವ ಯಾರೇ ಆಗಲಿ ನಿಮ್ಮ ಚಾನೆಲ್‌ನಲ್ಲಿ ಬೇಕಾದ ಹೆಸರು, ಬೇಕಾದ ಫೋಟೋ ಹಾಕಿಕೊಂಡು ಬರೆಯಬಹುದು, ಅಡ್ಮಿನ್ ಹೆಸರಲ್ಲೂ. ಹಾಗೆಯೇ ಬ್ರಿಡ್ಜ್ ಮಾಡಿದವರಿಗೆ ಡಿಸ್ಕಾರ್ಡ್‌ನಲ್ಲಿ ಮ್ಯಾನೇಜ್ ಸರ್ವರ್ ಪರ್ಮಿಷನ್ ಇರುವ ರೋಲ್ ಇನ್ನೂ ಉಳಿದಿದೆಯೇ ನೋಡಿ. ಇದ್ದರೆ ಬಾಟನ್ನು ನಾಳೆ ಮತ್ತೆ ಸೇರಿಸಲು ಅವರಿಗೆ ಯಾರ ಅಪ್ಪಣೆಯೂ ಬೇಕಿಲ್ಲ.